ಬಿಸಿಲಲ್ಲಿ ನೇರಳೆ, ಸಿಎಫ್‌ಎಲ್ ಕೆಳಗೆ ನೀಲಿ: ನಮ್ಮ ಲ್ಯಾಬಿನ ಗಾಜು

ನಮಸ್ಕಾರ. ಬೆರಳ ನಡುವೆ ಹಿಡಿದಿರುವ ಈ ಗಾಜಿನ ಬಿಲ್ಲೆ ನೋಡಿ. ಕಲಬುರಗಿಯ ಮಧ್ಯಾಹ್ನದ ಬಿಸಿಲು, ಮಾಳಿಗೆ ಮೇಲೆ ನಿಂತಿದ್ದೇನೆ, ತಿಳಿ ನೇರಳೆ ಕಾಣುತ್ತಿದೆ ಅಲ್ವಾ? ಈಗ ಕೆಳಗೆ ಬಂದು ಹಳೇ ಸಿಎಫ್‌ಎಲ್ ಬಲ್ಬಿನ ಹತ್ತಿರ ಹಿಡಿದೆ. ನೀಲಿ! ಫಿಲ್ಟರ್ ಹಾಕಿಲ್ಲ, ಕಾಮೆಂಟಲ್ಲಿ ಜಗಳಕ್ಕೆ ಬರಬೇಡಿ.

ಇದು ಫಾಸ್ಫೇಟ್ ಗಾಜು, ಅಂದರೆ ಮರಳಿನ ಬದಲು ರಂಜಕದ ಸಂಯುಕ್ತದಿಂದ ಮಾಡಿದ್ದು, ಒಳಗೆ ಸ್ವಲ್ಪ ನಿಯೋಡಿಮಿಯಂ ಎಂಬ ಲೋಹದ ಆಕ್ಸೈಡ್ ಇದೆ. ನಿಯೋಡಿಮಿಯಂಗೆ 585 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಹಳದಿ ಬೆಳಕು ಅಂದರೆ ಭಾರಿ ಹಸಿವು. ಬಿಸಿಲಲ್ಲಿ ಎಲ್ಲ ಬಣ್ಣವೂ ಇರುತ್ತದೆ, ಹಳದಿ ಹೋದರೆ ಕೆಂಪು, ನೀಲಿ ಉಳಿದು ನೇರಳೆ ಆಗುತ್ತದೆ. ಸಿಎಫ್‌ಎಲ್‌ನಲ್ಲಿ ಇರುವುದು ಬಿಡಿಬಿಡಿ ಕೆಲವು ಬಣ್ಣದ ಗೆರೆಗಳು, ಹಾಗಾಗಿ ಗಾಜು ದಾಟಿ ಬರುವ ಬೆಳಕು ನೀಲಿ ಕಡೆ ವಾಲುತ್ತದೆ. ಗಾಜು ಊದುವವರು ಹಾಕಿಕೊಳ್ಳುವ ಡಿಡಿಮಿಯಂ ಕನ್ನಡಕದಲ್ಲೂ ಇದೇ ನಿಯೋಡಿಮಿಯಂ, ಜೊತೆಗೆ ಅದರ ಸೋದರ ಧಾತು ಪ್ರೇಸಿಯೋಡಿಮಿಯಂ. ಉರಿಯಲ್ಲಿ ಕಣ್ಣು ಕುಕ್ಕುವ ಸೋಡಿಯಂನ 589ರ ಹಳದಿಯನ್ನು ಅದು ತಡೆಯುತ್ತದೆ. ಡಿಡಿಮಿಯಂ ಒಂದೇ ಧಾತು ಅಂತ ಬಹಳ ಕಾಲ ನಂಬಿದ್ದರು, 1885ರಲ್ಲಿ ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಆವರ್ ಫಾನ್ ವೆಲ್ಸ್‌ಬಾಕ್ ಅದನ್ನು ಒಡೆದು ಎರಡು ಮಾಡಿದ.

ಗಾಜು ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಅನ್ನುವ ಈ ಗ್ರಾಫ್ ನೋಡಿ. 525, 585, 750, 805, 875, ಎಲ್ಲ ಚೂಪು ಚೂಪು ಪೀಕುಗಳು. ಗಾಜಿನಲ್ಲಿ ಪರಮಾಣುಗಳು ಅಡ್ಡಾದಿಡ್ಡಿ ಕೂತಿರುತ್ತವೆ, ಆದರೂ ಪೀಕು ಯಾಕೆ ಅಗಲವಾಗಿ ಹರಡಿಕೊಳ್ಳುವುದಿಲ್ಲ? ಬೆಳಕು ಹೀರುವುದು ನಿಯೋಡಿಮಿಯಂನ ಒಳಪದರದ 4ಎಫ್ ಎಲೆಕ್ಟ್ರಾನ್‌ಗಳು, ಹೊರಗಿನ 5ಎಸ್, 5ಪಿ ಪದರಗಳು ಅವನ್ನು ಮುಚ್ಚಿಕೊಂಡಿವೆ. ಒಳಮನೆಯಲ್ಲಿ ಕೂತವರಿಗೆ ಬೀದಿ ಗದ್ದಲ ಅಷ್ಟಾಗಿ ಕೇಳದ ಹಾಗೆ. ಆದರೆ ಪೂರ್ತಿ ಕೇಳುವುದಿಲ್ಲ ಅಂತೇನಿಲ್ಲ. 585ರ ಪೀಕು ಸುತ್ತಲಿನ ಗಾಜು ಬದಲಾದರೆ ಎದ್ದು ಕಾಣುವಷ್ಟು ಹೆಚ್ಚು ಕಡಿಮೆ ಆಗುತ್ತದೆ. ಪೀಕಿನ ಆ ಬಲವನ್ನು ಲೆಕ್ಕ ಹಾಕುವ ದಾರಿಯನ್ನು 1962ರಲ್ಲಿ ಜಡ್, ಒಫೆಲ್ಟ್ ಎಂಬ ವಿಜ್ಞಾನಿಗಳಿಬ್ಬರೂ ಬೇರೆ ಬೇರೆಯಾಗಿ ಕಂಡುಕೊಂಡರು.

ಮಾಡುವುದು ಹೇಗೆ? ಅಮೋನಿಯಂ ಡೈಹೈಡ್ರೋಜನ್ ಫಾಸ್ಫೇಟ್ ಜೊತೆ ಉಳಿದ ಪುಡಿಗಳನ್ನು ಅರೆದು ಮೊದಲು ನಿಧಾನ ಕಾಯಿಸಬೇಕು, ಆಗ ಬರುವ ಅಮೋನಿಯಾ ವಾಸನೆಗೆ ಮೂಗು ಉರಿಯುತ್ತದೆ. ಆಮೇಲೆ 1000 ಡಿಗ್ರಿ ದಾಟಿಸಿ, ಜೇನಿನಂತೆ ಇಳಿಯುವುದನ್ನು ಹಿತ್ತಾಳೆ ತಟ್ಟೆ ಮೇಲೆ ಸುರಿದು, ತಡ ಮಾಡದೆ ನಿಧಾನ ತಣಿಸುವ ಅನೀಲಿಂಗ್‌ಗೆ ಇಡಬೇಕು, ಇಲ್ಲದಿದ್ದರೆ ಟಪ್ ಅಂತ ಸೀಳುತ್ತದೆ. ಫಾಸ್ಫೇಟ್‌ಗೆ ನೀರೇ ಶತ್ರು. ಗಾಜಿನೊಳಗೆ ನೀರಿನ ಓಎಚ್ (ಆಮ್ಲಜನಕ-ಜಲಜನಕ ಜೋಡಿ) ಉಳಿದರೆ ನಿಯೋಡಿಮಿಯಂ ಹೊಳೆಯುವುದೇ ಕಡಿಮೆ ಆಗುತ್ತದೆ. ಊರಿನ ಬಿಸಿಲನ್ನು ಎಲ್ಲರೂ ಬೈಯುತ್ತಾರೆ, ನನಗಂತೂ ಈ ಕೆಲಸಕ್ಕೆ ಮಳೆಗಾಲಕ್ಕಿಂತ ಏಪ್ರಿಲ್ ವಾಸಿ.

ಇಷ್ಟೆಲ್ಲ ಯಾಕೆ ಅಂದರೆ, ಲೇಸರ್‌ಗೆ. ಕ್ಯಾಲಿಫೋರ್ನಿಯಾದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ ಎಂಬ ಸಮ್ಮಿಳನ ಪ್ರಯೋಗಾಲಯದ 192 ಲೇಸರ್ ಕಿರಣಗಳು ಬಲ ಪಡೆಯುವುದು ಇಂಥದ್ದೇ ನಿಯೋಡಿಮಿಯಂ ಫಾಸ್ಫೇಟ್ ಗಾಜಿನಲ್ಲಿ. ಫ್ಲಾಶ್ ಲ್ಯಾಂಪಿನ ಬೆಳಕನ್ನು ಗಾಜು ಈ ಪೀಕುಗಳಲ್ಲೇ ಹೀರಿ 1053 ನ್ಯಾನೋಮೀಟರಿನ ಬೆಳಕಾಗಿ ವಾಪಸ್ ಕೊಡುತ್ತದೆ.

ಒಂದು ತಕರಾರು. ಬ್ಯಾಂಡ್ ಗ್ಯಾಪ್ (ಗಾಜಿನ ಎಲೆಕ್ಟ್ರಾನ್ ಮೇಲಿನ ಪಟ್ಟಿಗೆ ಜಿಗಿಯಲು ಬೇಕಾದ ಕನಿಷ್ಠ ಶಕ್ತಿ) ತೆಗೆಯಲು ಟಾಕ್ ಪ್ಲಾಟ್ ಎಂಬ ಗ್ರಾಫ್ ಹಾಕಿ, ನೇರ ಕಾಣುವ ಭಾಗಕ್ಕೆ ಸ್ಕೇಲ್ ಇಟ್ಟು ಗೆರೆ ಎಳೆಯುತ್ತಾರೆ. ಯಾವುದು ನೇರ ಅನ್ನುವುದು ಅವರವರ ಕಣ್ಣಿಗೆ ಬಿಟ್ಟದ್ದು! ಹಾಗೆ ಸಿಕ್ಕ ಅಂಕಿಯ ಎರಡನೇ ದಶಮಾಂಶದ ಮೇಲೆ ಪುಟಗಟ್ಟಲೆ ಚರ್ಚೆ ನೋಡಿದರೆ ನನಗೆ ನಗು ಬರುತ್ತದೆ. ಆ ಲೆಕ್ಕಕ್ಕೇ ಬೇಕಾದ ಬಿಲ್ಲೆಯ ದಪ್ಪ ಎಷ್ಟು ಅಂತ ಮೊದಲು ಹೇಳಿ ಸ್ವಾಮಿ.

ಫರ್ನೇಸ್‌ನಲ್ಲಿ ಈಗ ಎರ್ಬಿಯಂ ಧಾತು ಹಾಕಿದ ಗಾಜು ಇದೆ, ಅದು ಗುಲಾಬಿ ಬರುತ್ತದೆ. ಕರೆಂಟ್ ಕೈಕೊಡದಿದ್ದರೆ ಸಂಜೆ ಸುರಿಯುವುದನ್ನು ತೋರಿಸುತ್ತೇನೆ.