ಈ ಚೀಲವನ್ನು ಯಾರೂ ಹೊಲಿಯುವುದಿಲ್ಲ

ಎಲ್ಲರಿಗೂ ನಮಸ್ಕಾರ. ರೇಡಿಯೋ ಕೇಳುತ್ತಿರುವವರಲ್ಲಿ ಕಾಫಿ ತೋಟದವರೇ ಜಾಸ್ತಿ ಅಂದುಕೊಂಡು ಶುರು ಮಾಡುತ್ತೇನೆ. ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಹೊಡೆಸುತ್ತೀರಿ, ಅಲ್ವಾ? ಬರೀ ಮೈಲುತುತ್ತ, ಸುಣ್ಣದ ನೀರಾದರೆ ಹನಿ ಎಲೆಯ ಮೇಲೆ ಗುಂಡಗೆ ನಿಂತು ಜಾರಿಬಿಡುತ್ತದೆ. ಸ್ಪ್ರೆಡರ್ ಬೆರೆಸಿ ನೋಡಿ, ಅದೇ ಹನಿ ಚಪ್ಪಟೆಯಾಗಿ ಎಲೆ ತುಂಬ ಹರಡುತ್ತದೆ. ಆ ಸ್ಪ್ರೆಡರ್, ಸ್ನಾನದ ಸೋಪು, ಸೀಗೆಕಾಯಿ, ಅಂಟುವಾಳದಲ್ಲಿ ನೊರೆ ಬರಿಸುವ ಅಂಶ ಎಲ್ಲಾ ಒಂದೇ ಜಾತಿ. ಸರ್ಫ್ಯಾಕ್ಟೆಂಟ್ ಅಂತಾರೆ.

ಇದರ ಒಂದೊಂದು ಅಣುವಿಗೂ ತಲೆ ಇದೆ, ಬಾಲ ಇದೆ. ತಲೆಗೆ ನೀರು ಬೇಕು. ಬಾಲಕ್ಕೆ ನೀರು ಕಂಡರಾಗದು. ಇಷ್ಟೇ ವಿಷಯ. ನೀರಿನಲ್ಲಿ ಈ ಅಣುಗಳು ಒಂದು ಮಟ್ಟ ದಾಟಿದವು ಅಂದರೆ ಬಾಲಗಳನ್ನು ಒಳಗೆ ಬಚ್ಚಿಟ್ಟು, ತಲೆ ಹೊರಗೆ ಮಾಡಿ ಗುಂಪು ಕಟ್ಟುತ್ತವೆ. 'ಯಾವ ಮಿಷನ್ನಲ್ಲಿ ಮಾಡ್ತಾರೆ ಸಾರ್?' ಅಂತ ಹೋದಲ್ಲೆಲ್ಲ ಕೇಳುತ್ತಾರೆ. ಯಾರೂ ಮಾಡುವುದಿಲ್ಲ ಸ್ವಾಮಿ, ತಾವೇ ಕಟ್ಟಿಕೊಳ್ಳುತ್ತವೆ!

ಎಂಥ ಗುಂಪು ಅನ್ನುವುದು ಅಣುವಿನ ಆಕಾರಕ್ಕೆ ಬಿಟ್ಟದ್ದು. ಸೋಪಿನ ಅಣುವಿಗೆ ತಲೆ ದಪ್ಪ, ಬಾಲ ಒಂದೇ. ನಿಮ್ಮ ತೋಟದ ಕಿತ್ತಳೆ ಸುಲಿದು ನೋಡಿ, ತೊಳೆ ಹೊರಗಡೆ ದಪ್ಪ, ಒಳಗಡೆ ಚೂಪು. ಅಂಥವು ಸೇರಿದರೆ ಉಂಡೆಯೇ ಆಗಬೇಕು. ಆ ಉಂಡೆಯೇ ಮಿಸೆಲ್. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್‌ಗೆ ಬಾಲ ಎರಡು. ತಲೆಯಷ್ಟೇ ಅಗಲ ಬಾಲದ ಕಡೆಗೂ ಇರುವುದರಿಂದ ಉಂಡೆಯಾಗಲು ಬರುವುದಿಲ್ಲ, ಎರಡು ಪದರದ ಹಾಳೆಯಾಗುತ್ತದೆ. ಆದರೆ ಹಾಳೆಯ ಅಂಚಿನಲ್ಲಿ ಬಾಲಗಳಿಗೆ ನೀರು ತಾಗುತ್ತದಲ್ಲ, ಅದನ್ನು ತಪ್ಪಿಸಿಕೊಳ್ಳಲು ಹಾಳೆ ಬಾಗುತ್ತಾ ಬಾಗುತ್ತಾ ಅಂಚಿಗೆ ಅಂಚು ಕೂಡಿ ಪುಟ್ಟ ಚೀಲವಾಗಿಬಿಡುತ್ತದೆ. ಒಳಗೂ ನೀರು, ಹೊರಗೂ ನೀರು. ಇದೇ ವೆಸಿಕಲ್. ಗೋಡೆಯ ದಪ್ಪ ಸುಮಾರು 4 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿ ಅದರಲ್ಲಿ 4 ಪಾಲು. ಹೊಲಿದವರು ಯಾರು? ಯಾರೂ ಇಲ್ಲ.

ಈಗ ಇಂಥ ಅಣುಗಳು ನೀರಿನ ಮೇಲೆ ಏನು ಮಾಡುತ್ತವೆ ಅಂತ ಅಳೆದವಳ ಕಥೆ, ನನಗೆ ತುಂಬಾ ಇಷ್ಟವಾದದ್ದು. ಆಗ್ನೆಸ್ ಪೊಕೆಲ್ಸ್ ಅಂತ ಒಬ್ಬ ಹೆಣ್ಣುಮಗಳು, ಹುಟ್ಟಿದ್ದು 1862ರಲ್ಲಿ, ಇದ್ದದ್ದು ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ. ಆಗ ಅಲ್ಲಿ ಹೆಂಗಸರನ್ನು ವಿಶ್ವವಿದ್ಯಾಲಯಕ್ಕೆ ಸೇರಿಸುತ್ತಿರಲಿಲ್ಲ. ಮನೆಯಲ್ಲಿ ಕಾಯಿಲೆಯ ಅಪ್ಪ ಅಮ್ಮ, ಅಡುಗೆ, ಪಾತ್ರೆ. ಭೌತಶಾಸ್ತ್ರ ಓದುತ್ತಿದ್ದ ತಮ್ಮನೊಬ್ಬ ಪುಸ್ತಕ ತಂದುಕೊಡುತ್ತಿದ್ದ. ಈಕೆ ಏನು ಮಾಡಿದಳು ಗೊತ್ತಾ? 70 ಸೆಂಟಿಮೀಟರ್ ಉದ್ದದ ತಗಡಿನ ತೊಟ್ಟಿಗೆ ನೀರು ತುಂಬಿ, ಮೇಲೆ ಅಡ್ಡಲಾಗಿ ಒಂದು ತಗಡಿನ ಪಟ್ಟಿ ಇಟ್ಟಳು. ತಕ್ಕಡಿಗೆ ಸಣ್ಣ ಬಿಲ್ಲೆಯೊಂದನ್ನು ತೂಗುಹಾಕಿ ನೀರಿಗೆ ತಾಗಿಸಿ, ಅದನ್ನು ಕೀಳಲು ಎಷ್ಟು ಭಾರ ಬೇಕು ಅಂತ ಅಳೆದಳು. ಪಟ್ಟಿ ಸರಿಸುತ್ತಾ ನೀರಿನ ಮೇಲಿನ ಜಿಡ್ಡಿನ ಪದರವನ್ನು ಒತ್ತರಿಸಿದರೆ ಮೊದಮೊದಲು ಏನೂ ಆಗುವುದಿಲ್ಲ. ಅಣುಗಳು ಒತ್ತೊತ್ತಾಗಿ ನಿಂತ ಕೂಡಲೇ ನೀರಿನ ಮೇಲ್ಮೈಯ ಬಿಗಿ, ಅಂದರೆ ಹನಿಯನ್ನು ಗುಂಡಗೆ ಹಿಡಿದಿಡುವ ಎಳೆತ, ಸರ್ರನೆ ಇಳಿಯುತ್ತದೆ! 1891ರಲ್ಲಿ ಇದನ್ನೆಲ್ಲ ಜರ್ಮನ್ ಭಾಷೆಯಲ್ಲೇ ಬರೆದು ಇಂಗ್ಲೆಂಡಿನ ದೊಡ್ಡ ವಿಜ್ಞಾನಿ ಲಾರ್ಡ್ ರೇಲೀ ಅವರಿಗೆ ಕಳಿಸಿದಳು. ಅವರ ಹೆಂಡತಿ ಅನುವಾದ ಮಾಡಿದರು, ರೇಲೀ ಅದನ್ನು 'ನೇಚರ್' ಎಂಬ ವಿಜ್ಞಾನ ಪತ್ರಿಕೆಗೆ ಕೊಟ್ಟರು, ಅದೇ ವರ್ಷ ಅಚ್ಚಾಯಿತು. ಗೌರವ ಡಾಕ್ಟರೇಟ್ ಬಂದದ್ದು 1932ರಲ್ಲಿ, ವಯಸ್ಸು 70 ಆದ ಮೇಲೆ! ಅಲ್ಲಿಯವರೆಗೆ ಏನು ಮಾಡುತ್ತಿದ್ದರೋ ಆ ದೊಡ್ಡ ಮನುಷ್ಯರು.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ. 1960ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಅಲೆಕ್ ಬ್ಯಾಂಗಮ್ ಲೆಸಿಥಿನ್ ಅನ್ನು ನೀರಿಗೆ ಹಾಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬರೀ ಚೀಲಗಳು, ಒಂದರೊಳಗೊಂದು. ನಿಮ್ಮ ಮೈಯ ಒಂದೊಂದು ಜೀವಕೋಶದ ಪೊರೆಯೂ ಮೂಲದಲ್ಲಿ ಇಂಥದ್ದೇ ಎರಡು ಪದರ. ಚೀಲದೊಳಗೋ ಅದರ ಗೋಡೆಯಲ್ಲೋ ಔಷಧ ಸೇರಿಸಿದರೆ ಅದು ಲಿಪೊಸೋಮ್ ಇಂಜೆಕ್ಷನ್, ಬಿಹಾರದ ಕಡೆ ಕಾಲಾ ಅಜಾರ್ ಜ್ವರಕ್ಕೆ ಕೊಡುವ ಆಂಫೊಟೆರಿಸಿನ್ ಹೀಗೇ ಬರುತ್ತದೆ. ಔಷಧವನ್ನು ಚೀಲಕ್ಕೆ ಸೇರಿಸುವ ಬಗೆ ಹೇಳಬೇಕೆಂದಿದ್ದೆ, ಸಮಯ ಆಯ್ತಂತೆ. ನಮಸ್ಕಾರ.