ಪಕ್ಕದಲ್ಲಿ ಮಲಗೋರೇ ಹೇಳ್ಬೇಕು

ಎಲ್ಲರಿಗೂ ನಮಸ್ಕಾರ. ಒಳ್ಳೆ ನಿದ್ದೆ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವ್ರು ಕರೆದಿದ್ದಾರೆ, ನಂಗೆ ಭಾಳ ಖುಷಿ, ಯಾಕಂದ್ರೆ ಕ್ಲಿನಿಕ್ಕಲ್ಲಿ ದಿನಾ ಹೇಳೋ ಒಂದು ಮಾತನ್ನ ಇವತ್ತು ಇಡೀ ಜಿಲ್ಲೆಗೇ ಹೇಳ್ಬಹುದು. ಗೊರಕೆ ಅಂದ್ರೆ ಗಡದ್ದು ನಿದ್ದೆ ಅಲ್ಲ. ಗೊರಕೆ ಹೊಡೀತಾ ಹೊಡೀತಾ ನಡುವೆ ಉಸಿರೇ ನಿಲ್ತದೆ ಅಂತಾದ್ರೆ ಅದು ಕಾಯಿಲೆ, ಮತ್ತೆ ಅದು ಮಲಗಿದವರಿಗೆ ಗೊತ್ತಾಗೋದಿಲ್ಲ. ಪಕ್ಕದಲ್ಲಿ ಮಲಗೋರು ಹೇಳ್ಬೇಕು. ಅದಕ್ಕೇ ಅಡುಗೆ ಮನೆಲಿ ರೇಡಿಯೋ ಹಾಕ್ಕೊಂಡು ಕೆಲಸ ಮಾಡ್ತಾ ಇರೋ ಅಕ್ಕಂದಿರೇ, ತಂಗಿಯರೇ, ನಾನು ಮಾತಾಡ್ತಾ ಇರೋದು ಗೊರಕೆ ಹೊಡೆಯೋರ ಹತ್ರ ಅಲ್ಲ, ನಿಮ್ಮ ಹತ್ರ.

ಆಗೋದು ಏನು ಅಂದ್ರೆ, ನಿದ್ದೆ ಬಂದಾಗ ಗಂಟಲಿನ ಸ್ನಾಯು ಎಲ್ಲ ಸಡಿಲ ಆಗ್ತದೆ, ನಾಲಿಗೆ ಹಿಂದಕ್ಕೆ ಜಾರ್ತದೆ, ಕೆಲವರಿಗೆ ಉಸಿರಿನ ದಾರಿ ತೋಟದ ಪೈಪು ಮಡಚಿದ ಹಾಗೆ ಪೂರ್ತಿ ಮುಚ್ಚೇ ಹೋಗ್ತದೆ. ಎದೆ ಎಳೀತಾ ಇರ್ತದೆ, ಗಾಳಿ ಹೋಗೋದಿಲ್ಲ. ರಕ್ತದಲ್ಲಿ ಆಕ್ಸಿಜನ್ ಇಳೀತದೆ, ಆಗ ಮೆದುಳು ಹೆದರಿ ಒಂದ್ಸಲ ಎಬ್ಬಿಸ್ತದೆ, ಗೊರ್ರ್ ಅಂತ ಉಸಿರು ಎಳ್ಕೊಂಡು ಮತ್ತೆ ನಿದ್ದೆ. ಈ ಎಚ್ಚರ ಎಷ್ಟು ಚಿಕ್ಕದು ಅಂದ್ರೆ ಬೆಳಿಗ್ಗೆ ನೆನಪೇ ಇರೋದಿಲ್ಲ. ಕಡಿಮೆ ಅಂದ್ರೂ 10 ಸೆಕೆಂಡು ಉಸಿರು ನಿಂತ್ರೆ ಒಂದು ಸಲ ಅಂತ ನಾವು ಲೆಕ್ಕ ಹಾಕೋದು, ಗಂಟೆಗೆ 5 ಆದ್ರೆ ಕಾಯಿಲೆ, 30 ದಾಟಿದ್ರೆ ತೀವ್ರ. ಸ್ಲೀಪ್ ಆಪ್ನಿಯಾ ಅಂತಾರೆ. ರಾತ್ರಿ ನಿದ್ದೇಲಿ ಎಲ್ಲರಿಗೂ ಬಿಪಿ ಸ್ವಲ್ಪ ಇಳೀಬೇಕು, ಇವ್ರಲ್ಲಿ ಎಷ್ಟೋ ಜನಕ್ಕೆ ಇಳಿಯೋದಿಲ್ಲ, ಹೃದಯಕ್ಕೆ ರಾತ್ರಿನೂ ರಜೆ ಇಲ್ಲ.

ನಮ್ಮ ಕಾರವಾರದ ಬೈತಖೋಲ್ ಕಡೆ ಪರ್ಸೀನ್ ಬೋಟಿನ, ಅಂದ್ರೆ ದೊಡ್ಡ ಬಲೆ ಸುತ್ತಿ ಮೀನು ಹಿಡಿಯೋ ಬೋಟಿನ, ತಾಂಡೇಲರು ಒಬ್ರು ನನ್ನ ಹತ್ರ ಬರ್ತಿದ್ರು, ತಾಂಡೇಲ ಅಂದ್ರೆ ಬೋಟ್ ನಡೆಸೋ ಮುಖ್ಯಸ್ಥ. ಗಟ್ಟಿ ಆಳು, ದಪ್ಪ ಕುತ್ತಿಗೆ. ಮೂರು ಥರದ ಬಿಪಿ ಮಾತ್ರೆ ಕೊಟ್ಟಿದ್ದೆ, ಆದ್ರೂ 160ರ ಕೆಳಗೆ ಇಳೀಲಿಕ್ಕೆ ತಯಾರಿಲ್ಲ. ಹಗಲು ಕೂತಲ್ಲೇ ತೂಕಡಿಕೆ. ರಾತ್ರಿ ಮೀನುಗಾರಿಕೆ ಅಲ್ವಾ ಡಾಕ್ಟ್ರೇ ಅಂತ ಅವ್ರೂ ಹೇಳೋದು, ಸರಿ ಅಂತ ಕೇಳೋರೂ ಒಪ್ಕೊಳ್ಳೋದು. ಆದ್ರೆ ಜೂನ್ ಒಂದಕ್ಕೆ ಬೋಟ್ ಬಂದ್ ಆಯ್ತು ನೋಡಿ, ಮಳೆಗಾಲದ 61 ದಿನದ ನಿಷೇಧ, ಈಗ ದಿನಾ ರಾತ್ರಿ ಮನೇಲೇ, ಒಂಬತ್ತಕ್ಕೆ ಮಲಗಿ ಏಳಕ್ಕೆ ಏಳೋದು, ಆದ್ರೂ ಬಲೆ ರಿಪೇರಿ ಮಾಡ್ತಾ ಮಾಡ್ತಾ ಸೂಜಿ ಕೈಲಿ ಇರೋ ಹಾಗೇ ನಿದ್ದೆ! ಹತ್ತು ಗಂಟೆ ಮಲಗಿದವ್ರಿಗೆ ಹಗಲು ನಿದ್ದೆ ಯಾಕೆ ಬರ್ಬೇಕು?

ಆ ದಿನ ಅವ್ರ ಹೆಂಡತಿ ಮಂಡಿ ನೋವು ಅಂತ ಜೊತೆಗೆ ಬಂದಿದ್ರು, ಹೊರಗೆ ಬೆಂಚಲ್ಲಿ ಕೂತಿದ್ರು. ಒಳಗೆ ಕರೆದು ಗೊರಕೆ ಇದ್ಯಾ ಅಂತ ಕೇಳ್ದೆ. ಆಯಮ್ಮ ಹೇಳಿದ್ದು, ‘ಗೊರಕೆ ಬಿಡಿ ಡಾಕ್ಟ್ರೇ, ಅದು ಅಭ್ಯಾಸ ಆಗಿದೆ, ಗೊರಕೆ ನಿಂತ್ರೇ ನಂಗೆ ಹೆದ್ರಿಕೆ. ಒಂದು ಎರಡು ಅಂತ ಎಣಿಸ್ತೇನೆ. ಇಪ್ಪತ್ತಾದ್ರೂ ಉಸಿರು ಬರ್ಲಿಲ್ಲ ಅಂದ್ರೆ ಪಕ್ಕೆಗೆ ತಿವೀತೇನೆ.’ ತಾಂಡೇಲರು ಬಾಯಿ ಬಿಟ್ಕೊಂಡು ನೋಡ್ತಾ ಇದ್ರು. ‘ಯಾವಾಗ ತಿವಿದೆ, ಒಂದಿನಾನೂ ಹೇಳ್ಲಿಲ್ವಲ್ಲ?’ ‘ಗೊರಕೆ ಅಂದ್ರೆ ಸಾಕು ನೀವು ಸಿಟ್ಟು ಮಾಡ್ತೀರಿ!’ ಆಮೇಲೆ ವಿಚಾರಿಸಿದ್ರೆ ಬೋಟಿನ ಹುಡುಗರಿಗೂ ಗೊತ್ತು, ತಾಂಡೇಲರ ಹತ್ರ ಯಾರೂ ಮಲಗೋದೇ ಇಲ್ಲ. ಮನೆಗೆ ಗೊತ್ತು, ಬೋಟಿಗೆ ಗೊತ್ತು, ಅವ್ರಿಗೂ ಡಾಕ್ಟರಿಗೂ ಗೊತ್ತಿಲ್ಲ. ಒಬ್ಬ ಹೆಂಗಸು ವರ್ಷಗಟ್ಟಲೆ ಕತ್ತಲಲ್ಲಿ ಗಂಡನ ಉಸಿರು ಎಣಿಸಿದ್ದಾಳೆ, ಅದನ್ನ ಡಾಕ್ಟರಿಗೆ ಹೇಳೋ ವಿಷ್ಯ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಹುಬ್ಬಳ್ಳಿಗೆ ಕಳಿಸಿ ಸ್ಲೀಪ್ ಸ್ಟಡಿ ಮಾಡಿಸಿದ್ವಿ. ಹೆದರ್ಬೇಡಿ, ಚುಚ್ಚೋದು ಕೊಯ್ಯೋದು ಏನೂ ಇಲ್ಲ, ತಲೆಗೆ ವೈರು, ಎದೆಗೆ ಬೆಲ್ಟು, ಮೂಗಿಗೆ ಸಣ್ಣ ನಳಿಗೆ, ಬೆರಳಿಗೆ ಕ್ಲಿಪ್ಪು ಹಾಕಿ ಮಲಗಿಸ್ತಾರೆ ಅಷ್ಟೇ. ಗಂಟೆಗೆ 40ಕ್ಕೂ ಹೆಚ್ಚು ಸಲ ಉಸಿರು ನಿಲ್ತಿತ್ತು. ಸಿಪ್ಯಾಪ್ ಅಂತ ಮಷಿನ್ ಕೊಟ್ರು, ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದ ಹಾಗೆ ಹಿಡೀತದೆ. ಹೊಸತೇನಲ್ಲ, 1981ರಲ್ಲೇ ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲ್ಲಿವಾನ್ ಇದನ್ನ ತೋರ್ಸಿಕೊಟ್ಟಿದ್ದು. ಮೊದಮೊದಲು ತಾಂಡೇಲರು ರಾತ್ರಿ ಮಾಸ್ಕ್ ಕಿತ್ತು ಬಿಸಾಡ್ತಿದ್ರು, ಸೈಜ್ ಬದಲಿಸಿದ್ಮೇಲೆ ಒಗ್ಗಿತು. ರಾತ್ರಿ ಗ್ಲಾಸು ಬಿಟ್ರು, ತೂಕ ಇಳಿಸಿದ್ರು, ಕೆಲವು ತಿಂಗಳಲ್ಲಿ ಬಿಪಿ ಹತೋಟಿಗೆ ಬಂತು, ಒಂದು ಮಾತ್ರೆ ನಾನೇ ತೆಗೆದೆ. ಆಯಮ್ಮನ ಬಿಪಿನೂ ಇಳಿದಿತ್ತು, ಅವ್ರೂ ಈಗ ನಿದ್ದೆ ಮಾಡ್ತಾರಲ್ಲ.

ಸಮಯ ಕಮ್ಮಿ ಇದೆ, ಉಳಿದದ್ದು ಬೇಗ ಹೇಳ್ತೇನೆ. ದೊಡ್ಡವರಿಗೆ 7 ಗಂಟೆ ನಿದ್ದೆ ಬೇಕೇ ಬೇಕು, ಸಂಜೆ ಮೇಲೆ ಚಾ ಬೇಡ, ಮಲಗೋ ಹೊತ್ತಿಗೆ ಮೊಬೈಲ್ ದೂರ ಇಡಿ. ಅಂಗಾತ ಮಲಗೋದಕ್ಕಿಂತ ಮಗ್ಗುಲಾಗಿ ಮಲಗಿ. ಗೊರಕೆ ಇರೋರು ದಯವಿಟ್ಟು, ದಯವಿಟ್ಟು ಡಾಕ್ಟರನ್ನ ಕೇಳದೆ ನಿದ್ದೆ ಮಾತ್ರೆ ನುಂಗ್ಬೇಡಿ, ಹೆಂಡವೂ ಬೇಡ, ಎರಡೂ ಗಂಟಲನ್ನ ಇನ್ನೂ ಸಡಿಲ ಮಾಡ್ತವೆ. ಮಕ್ಕಳು ಬಾಯಿ ತೆರೆದು ಗೊರಕೆ ಹೊಡೀತಾ ಮಲಗಿದ್ರೆ ಮುದ್ದು ಅಂತ ನಗ್ಬೇಡಿ, ಟಾನ್ಸಿಲ್, ಮೂಗಿನ ಹಿಂದಿರೋ ಅಡಿನಾಯ್ಡ್ ಗ್ರಂಥಿ ಡಾಕ್ಟರಿಗೆ ತೋರ್ಸಿ. ಲಾರಿ ಓಡಿಸೋ ತಮ್ಮಂದಿರೇ, ಅರಬೈಲ್ ಘಟ್ಟದಲ್ಲಿ, ದೇವಿಮನೆ ಘಟ್ಟದಲ್ಲಿ ಸ್ಟಿಯರಿಂಗ್ ಹಿಡ್ಕೊಂಡು ಕಣ್ಣು ಮುಚ್ಚಿ ಹೋಗ್ತದೆ ಅಂದ್ರೆ ಅದಕ್ಕೆ ಗುಟ್ಕಾ ಮದ್ದಲ್ಲ, ನಿಮ್ಮ ಕ್ಲೀನರ್ ಹುಡುಗನ್ನ ಕೇಳಿ, ನಿಮ್ಮ ಗೊರಕೆ ಹೇಗಿದೆ ಅಂತ.

ಇದು ಗಂಡಸರ ಕಾಯಿಲೆ ಮಾತ್ರ ಅಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಹೆಚ್ಚು ಬರ್ತದೆ, ನಾಚಿಕೆಗೆ ಅವ್ರು ಹೇಳೋದಿಲ್ಲ, ಆಗ ಗಂಡಂದಿರು ಹೇಳ್ಬೇಕು. ಕುಂಭಕರ್ಣ ಅಂತ ನಗಾಡೋದು ಬಿಟ್ಟು ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಗೊರಕೆ ನಿಂತು ಮತ್ತೆ ಶುರು ಆಗೋದನ್ನ ಫೋನಲ್ಲಿ ಎರಡು ನಿಮಿಷ ವಿಡಿಯೋ ಮಾಡಿ, ಡಾಕ್ಟರ್ ಹತ್ರ ಹೋಗುವಾಗ ಜೊತೆಗೆ ಹೋಗಿ, ಅವ್ರು ಕೇಳ್ದೇ ಇದ್ರೂ ನೀವಾಗೇ ತೋರ್ಸಿ. ನಮಸ್ಕಾರ.