ನೀಲಿ ಬಣ್ಣವನ್ನು ನಂಬಬೇಡಿ

ಕೇಳುಗರೇ, ನಮಸ್ಕಾರ.

ಹೆಚ್ಚಿಟ್ಟ ಸೇಬು ಸ್ವಲ್ಪ ಹೊತ್ತಿಗೇ ಕಂದಾಗುತ್ತದೆ, ಅಲ್ವಾ? ಚಹಾ ಜಾಸ್ತಿ ಕುದಿಸಿದರೆ ಬಾಯೆಲ್ಲ ಒಗರು. ಎರಡಕ್ಕೂ ಕಾರಣ ಗಿಡಗಳಲ್ಲಿರುವ ಪಾಲಿಫಿನಾಲ್ ಅನ್ನುವ ರಾಸಾಯನಿಕ. ಇದು ಒಂದೇ ವಸ್ತುವಲ್ಲ, ಸಾವಿರಾರು ಜನರ ದೊಡ್ಡ ಕುಟುಂಬ. ಅದಕ್ಕೇ "ಇದರಲ್ಲಿ ಪಾಲಿಫಿನಾಲ್ ಎಷ್ಟಿದೆ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುತ್ತೇನೆ: "ಯಾವ ಪಾಲಿಫಿನಾಲ್?"

"ಎಷ್ಟು" ಅನ್ನುವುದಕ್ಕೆ ಪ್ರಯೋಗಾಲಯದಲ್ಲಿ ಒಂದು ಸುಲಭದ ದಾರಿ ಇದೆ. ಫೋಲಿನ್-ಸಿಯೋಕಾಲ್ಟು ಪರೀಕ್ಷೆ. ಹಳದಿ ದ್ರಾವಣಕ್ಕೆ ಹಣ್ಣಿನ ರಸ ಹಾಕಿ, ಆಮೇಲೆ ವಾಷಿಂಗ್ ಸೋಡಾ ಸೇರಿಸಿದರೆ ನೀಲಿಯಾಗುತ್ತದೆ. ನೀಲಿ ಗಾಢವಾದಷ್ಟೂ ಅಂಕಿ ದೊಡ್ಡದು. ತಮಾಷೆ ಏನೆಂದರೆ, 1927ರಲ್ಲಿ ಫೋಲಿನ್ ಮತ್ತು ಸಿಯೋಕಾಲ್ಟು ಅನ್ನುವ ವಿಜ್ಞಾನಿಗಳು ಇದನ್ನು ಮಾಡಿದ್ದು ಪ್ರೋಟೀನಿನಲ್ಲಿರುವ ಟೈರೊಸಿನ್, ಟ್ರಿಪ್ಟೊಫ್ಯಾನ್ ಅನ್ನುವ ಘಟಕಗಳನ್ನು ಅಳೆಯಲು! ಪಾಲಿಫಿನಾಲ್‌ನವರು ಆಮೇಲೆ ಎರವಲು ತಂದುಕೊಂಡರು.

ಒಮ್ಮೆ ನನ್ನ ವಿದ್ಯಾರ್ಥಿನಿ ಓಡಿ ಬಂದಳು. "ಸರ್, ಈ ಬಾಟಲಿಯ ರಸದ ಅಂಕಿ ಉಳಿದೆಲ್ಲದಕ್ಕಿಂತ ಜಾಸ್ತಿ!" ಖುಷಿಯೋ ಖುಷಿ. "ನನ್ನೆದುರಿಗೆ ಇನ್ನೊಂದು ಸಲ ಮಾಡಮ್ಮ" ಅಂದೆ. ಮಾಡಿದಳು. ಸೋಡಾ ಇನ್ನೂ ಕೈಯಲ್ಲೇ ಇದೆ, ನಳಿಕೆ ಆಗಲೇ ನೀಲಿ! ಪಾಲಿಫಿನಾಲ್‌ಗೆ ಇಷ್ಟು ಅವಸರ ಇಲ್ಲ, ಅದಕ್ಕೆ ಸೋಡಾ ಬೇಕೇ ಬೇಕು. "ಬಾಟಲಿಯ ಮೇಲೆ ಏನು ಬರೆದಿದೆ, ಓದು" ಅಂದೆ. ಓದಿದಳು: ವಿಟಮಿನ್ ಸಿ ಸೇರಿಸಲಾಗಿದೆ. ಪಾಪ, ಮುಖ ಸಪ್ಪಗಾಯಿತು. ಅದೇ ರಸವನ್ನು ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೊಟ್ಟೆವು. ಅದರ ಸಣ್ಣ ಕೊಳವೆಯಿಂದ ಒಂದೊಂದು ಪಾಲಿಫಿನಾಲ್ ಒಂದೊಂದು ಹೊತ್ತಿಗೆ ಹೊರಗೆ ಬರುತ್ತದೆ. ಬಂದಾಗಲೆಲ್ಲ ಪರದೆಯ ಮೇಲೆ ಒಂದು ಗುಡ್ಡ ಏಳುತ್ತದೆ. ನಮ್ಮ ರಸಕ್ಕೆ ಎದ್ದದ್ದು ಎರಡೇ ಎರಡು, ಅದೂ ಇರುವೆ ಗೂಡಿನಷ್ಟು.

ಪಾಲಿಫಿನಾಲ್ ಇರಲಿ, ವಿಟಮಿನ್ ಸಿ ಇರಲಿ, ಎಲೆಕ್ಟ್ರಾನ್ ಬಿಟ್ಟುಕೊಡುವ ಯಾರು ಬಂದರೂ ಆ ಹಳದಿ ದ್ರಾವಣ ನೀಲಿಯಾಗುತ್ತದೆ, ಹೆಸರು ಕೇಳುವುದಿಲ್ಲ. ಕೇಳಬೇಕಾದವರು ನಾವು. ಆದರೂ ಇವತ್ತಿಗೂ ಬರೀ ನೀಲಿ ಅಳೆದು ಸುಮ್ನೆ ದೊಡ್ಡ ಮಾತಾಡುವವರು ಇದ್ದಾರೆ. ಹೋಗಲಿ ಬಿಡಿ.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಅಳೆಯುವ ಮೊದಲು ಪಾಲಿಫಿನಾಲನ್ನು ಮಾದರಿಯಿಂದ ಹೊರಗೆ ತೆಗೆಯಬೇಕು. ಮೆಥನಾಲ್ ಅನ್ನುವ ದ್ರಾವಕ, ನೀರು ಬೆರೆಸಿ ನೆನೆಸಿದರೆ ಎಲ್ಲವೂ ಹೊರಗೆ ಬರುವುದಿಲ್ಲ. ಧಾನ್ಯದ ತೌಡಿನಲ್ಲಿ ಬಹಳಷ್ಟು ನಾರಿಗೆ ಅಂಟಿಕೊಂಡೇ ಇರುತ್ತದೆ, ಕ್ಷಾರ ಹಾಕಿ ಬಿಡಿಸಬೇಕು. ಮಾದರಿಯನ್ನು ಬಿಸಿಲಿನಲ್ಲಿ ಇಟ್ಟರಂತೂ ಅಳೆಯುವ ಮೊದಲೇ ಅರ್ಧ ಕೆಟ್ಟಿರುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್ ವಿಷಯ ಹೇಳಲೇಬೇಕಿತ್ತು. ಅಣುವಿನ ತೂಕ ನೋಡಿ ಹೆಸರು ಹಿಡಿಯುವ ಯಂತ್ರ ಅದು, ನನಗೆ ತುಂಬಾ ಇಷ್ಟ. ಆದರೆ ಈಗ ಕೆಂಪು ದೀಪವೇ ಹತ್ತಿಕೊಂಡಿತು. ನಮಸ್ಕಾರ.